ಹೆಂಡತಿಯ ಕೈಯಲ್ಲಿ ಗಂಡನ ನಾಡಿ

ನೋರ್ಫೆಲನಿಗೆ ಸೊಂಟ ಹಿಡಿದುಕೊಂಡು ವಾರವಾಗಿತ್ತು. ಆದರೂ ಊರಿನ ವೈದ್ಯರಾದ ಆಮ್ಚಿಯ ಮನೆಗೆ ಹೋಗುವ ಧೈರ್ಯವಿರಲಿಲ್ಲ. ಅವರು ಮಣಿಕಟ್ಟಿನ ಮೇಲೆ ಬೆರಳಿಟ್ಟರೆ ಸಾಕು, ಹಿಂದಿನ ದಿನ ಕುಡಿದ ಛಾಂಗ್ ಮದ್ಯದ ಗುಟ್ಟು ಕೂಡ ಹೊರಬೀಳುತ್ತಿತ್ತು. ಹೊಸ ವರ್ಷದ ಲೋಸರ್ ಹಬ್ಬ ಹತ್ತಿರವಾಗಿತ್ತು. ಮೂಲೆಯ ಮಡಕೆಯಲ್ಲಿ ಬಾರ್ಲಿಯ ಛಾಂಗ್‌ಗೆ ಹುದುಗು ಬರುತ್ತಿತ್ತು. ಈಗ ಅದನ್ನು ಬಿಡು ಅಂದುಬಿಟ್ಟರೆ?

"ಹೆಂಡತಿ ನಾಡೀಲೇ ಗಂಡನ ಕಾಯಿಲೆ ಸಿಗುತ್ತೆ ಅಂತಾರಲ್ಲ, ನೀನೇ ಕೈ ತೋರಿಸ್ಕೊಂಡು ಬಾ" ಎಂದು ಹೆಂಡತಿ ಯಾಂಗ್‌ಜೋರಳನ್ನು ಕಳಿಸಿದ. ಅವಳು ಛಾಂಗ್ ಮುಟ್ಟುವವಳಲ್ಲ. ಅವಳ ನಾಡಿ ತನ್ನ ಮೇಲೆ ಏನು ಚಾಡಿ ಹೇಳೀತು?

ಮಧ್ಯಾಹ್ನ ಅವಳು ಮಾತ್ರೆಯ ಪೊಟ್ಟಣ ಹಿಡಿದು ಬಂದು, ಒಲೆಯ ಪಕ್ಕ ಕಾಲು ಚಾಚಿ ಕೂತಳು.

"ಏನಂದ್ರು ಆಮ್ಚಿ?"

"ನಾಡಿ ತುಂಬಾ ದಣಿದಿದೆ ಅಂದ್ರು. ಹೊಳೆಯಿಂದ ನೀರು ಹೊರೋರು ಯಾರು ಅಂತ ಕೇಳಿದ್ರು. ನಾನೇ ಅಂದೆ."

"ನನ್ನ ಸೊಂಟಕ್ಕೂ ಅದಕ್ಕೂ ಏನೇ ಸಂಬಂಧ?"

"ಅವರು ಬರೀ ಸೊಂಟಕ್ಕೆ ಮದ್ದು ಕೊಡ್ತಾರಾ? ಇಡೀ ಮನೆಗೇ ಕೊಡ್ತಾರೆ. ಕೂತು ಕೂತೇ ನಿಮ್ಮ ಸೊಂಟ ಮರಗಟ್ಟಿದೆಯಂತೆ. ಹಬ್ಬದವರೆಗೆ ನೀರು ನೀವು ತರಬೇಕು, ಮಾತ್ರೆ ನಾನು ನುಂಗಬೇಕು."

"ಛಾಂಗ್ ಬಗ್ಗೆ?"

"ಅದರ ಮಾತೇ ಬರಲಿಲ್ಲ."

ನೋರ್ಫೆಲನ ಜೀವ ಹಗುರಾಯಿತು. ಆಮೇಲೆ ಅನುಮಾನ ಬಂತು.

"ಇದೆಲ್ಲ ಆಮ್ಚಿ ಹೇಳಿದ್ದೋ, ನೀನೇ ಕಟ್ಟಿದ್ದೋ?"

"ಹೋಗಿ ಕೇಳಿ ಬನ್ನಿ. ಹೇಗೂ ಹೋಗಿರ್ತೀರಿ, ನಿಮ್ಮ ನಾಡೀನೂ ನೋಡ್ತಾರೆ."

ನೋರ್ಫೆಲ ಮೂಲೆಯ ಮಡಕೆಯತ್ತ ನೋಡಿದ. ಮರುದಿನ ಬೆಳಕು ಹರಿಯುವಾಗ, ಹೊಳೆಯ ಮಂಜುಗಡ್ಡೆ ಒಡೆಯಲು ಕೊಡಲಿ ಹಿಡಿದು, ಬೆನ್ನಿಗೆ ನೀರಿನ ಡಬ್ಬ ಕಟ್ಟಿಕೊಂಡು, ನರಳುತ್ತ ಇಳಿಜಾರು ಇಳಿದ.