ಮೂಲೆ ಮಡಿಸಿದ ಅರ್ಜಿ

ಇಪ್ಪತ್ತೆರಡು ವರ್ಷದಿಂದ ನಾನು ಒಂದು ಔಷಧಿ ಕಂಪನಿಗೆ ಜನರನ್ನು ಆರಿಸುವ ಕೆಲಸದಲ್ಲಿದ್ದೇನೆ. ಆರಿಸುವುದು ಅಂತ ಹೆಸರಷ್ಟೇ. ಮಾಡುವುದು ಹೆಚ್ಚಾಗಿ ತಳ್ಳಿಹಾಕುವುದನ್ನೇ. ಬೇಡವೆನಿಸಿದ ಅರ್ಜಿಯ ಕೆಳಗಿನ ಬಲಮೂಲೆಯನ್ನು ಚೂರು ಮಡಿಸಿಬಿಡುತ್ತೇನೆ. ಆಫೀಸಿನಲ್ಲಿ ಎಲ್ಲರಿಗೂ ಆ ಗುರುತು ಗೊತ್ತು.

ಶನಿವಾರ ಮಾತ್ರ ಲೈಬ್ರರಿಯ ಮಹಡಿಯಲ್ಲಿ, ಕೆಲಸ ಹುಡುಕುವ ಹುಡುಗ ಹುಡುಗಿಯರಿಗೆ ಬಿಟ್ಟಿಯಾಗಿ ಇಂಟರ್‌ವ್ಯೂ ಅಭ್ಯಾಸ ಮಾಡಿಸುತ್ತೇನೆ. ಮೊನ್ನೆ ಬಂದವಳಿಗೆ ಗಡಿಬಿಡಿ ಅಂತ ನಾನೇ ಹೆಸರಿಟ್ಟೆ. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಹೇಳಿ, ಅದನ್ನು ತಾನೇ ತಿದ್ದಿ, ಕೊನೆಗೆ ಸಾರಿ ಕೇಳುತ್ತಿದ್ದಳು. ಆರು ಕಡೆ ಬೇಡವೆನಿಸಿಕೊಂಡಿದ್ದಳು. ಏಳನೆಯದು ಸೋಮವಾರ ಹತ್ತಕ್ಕೆ, ನಮ್ಮದೇ ಉಗ್ರಾಣದ ಗುಮಾಸ್ತೆ ಕೆಲಸಕ್ಕೆ. ಕಲಿಸಿದವನೇ ಆರಿಸಬಾರದೆಂದು ಅದನ್ನು ನನ್ನ ಜೂನಿಯರ್‌ಗೆ ಬಿಟ್ಟುಕೊಟ್ಟೆ. ಎರಡು ಗಂಟೆ ತಿದ್ದಿ ತೀಡಿದ ಮೇಲೆ ಹುಡುಗಿ ಉಸಿರೆಳೆದುಕೊಂಡು, ಅಳೆದು ತೂಗಿ ಮಾತಾಡಿದಳು. ನನಗೆ ಹೆಮ್ಮೆಯೇ ಆಯಿತು. ನನ್ನ ಕೈಗೆ ಕೊಟ್ಟಿದ್ದ ಅರ್ಜಿಯನ್ನು, ಇದ್ದ ಒಂದೇ ಪ್ರತಿ, ವಾಪಸ್ ಫೈಲಿಗೆ ಸೇರಿಸಿಕೊಂಡು ಹೋದಳು.

ಭಾನುವಾರ ತಿಂಡಿ ಹೊತ್ತಿಗೆ ಹೆಂಡತಿ ಒಂದು ಕಾಗದ ಎತ್ತಿ ಹಿಡಿದಳು.

"ನಮ್ಮಣ್ಣನ ಮಗಳ ಮದುವೆ ಪತ್ರಿಕೆನೂ ರಿಜೆಕ್ಟಾ?"

ಮೂಲೆ ಮಡಿಸಿತ್ತು. ಯಾವಾಗ ಮಡಿಸಿದೆನೋ ನೆನಪಿಲ್ಲ. ನಗಲು ಹೋದವನಿಗೆ ಶನಿವಾರ ಕೈಯಲ್ಲಿ ಹಿಡಿದಿದ್ದ ಅರ್ಜಿ ನೆನಪಾಯಿತು. ಗಡಿಬಿಡಿಯ ಮೊದಲ ಉತ್ತರ ಕೇಳುವಾಗ ನನ್ನ ಬೆರಳು ಏನು ಮಾಡುತ್ತಿತ್ತು?

ಅವಳ ನಂಬರ್ ನನ್ನಲ್ಲಿರಲಿಲ್ಲ, ಲೈಬ್ರರಿಗೆ ರಜೆ. ಜೂನಿಯರ್‌ಗೆ ಹೇಳೋಣವೆಂದು ನಾಲ್ಕು ಸಲ ಫೋನ್ ಎತ್ತಿ ಇಟ್ಟೆ. ಶಿಫಾರಸು ಅಂದುಕೊಂಡರೆ? ಮಡಿಸಿಯೇ ಇರದಿದ್ದರೆ? ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಬಟ್ಟೆ ಒಣಹಾಕಿದೆ, ಒಣಗುವ ಮೊದಲೇ ತೆಗೆದೆ. ಕಾಲಿಗೆ ಚಕ್ರ ಕಟ್ಟಿಕೊಂಡಿದ್ದೀರಾ ಎಂದು ಹೆಂಡತಿ ಬೈದಳು.

ಸೋಮವಾರ ಬೇಗ ಹೊರಟರೆ ಬಸ್ಸು ಕೈಕೊಟ್ಟಿತು. ಆಫೀಸು ಮುಟ್ಟಿದಾಗ ಹತ್ತೂ ಇಪ್ಪತ್ತು. ಜೂನಿಯರ್ ಆರಾಮಾಗಿ ಕಾಫಿ ಕುಡಿಯುತ್ತಿದ್ದ. ನೀವೇ ಬೇಡ ಅಂತ ಮಡಿಸಿದ್ದಿರಲ್ಲ, ಎರಡೇ ಪ್ರಶ್ನೆ ಕೇಳಿ ಕಳಿಸಿಬಿಟ್ಟೆ ಎಂದ.

ಮೆಟ್ಟಿಲು ಇಳಿದು ಓಡಿದೆ. ಬಸ್ ಸ್ಟಾಪಿನಲ್ಲಿ ಫೈಲು ಅವುಚಿಕೊಂಡು ಕೂತಿದ್ದಳು. ತಪ್ಪು ನನ್ನದು, ಆ ಮಡಿಕೆ ನಮ್ಮಲ್ಲಿ ಬೇಡ ಅನ್ನುವ ಗುರುತು ಎಂದು ಏದುಸಿರಿನಲ್ಲೇ ಹೇಳಿದೆ.

ಅವಳು ಅರ್ಜಿ ತೆಗೆದು ಮೂಲೆಯನ್ನೇ ನೋಡಿದಳು. "ಮಡಿಸಿದ್ದು ನೋಡಿದ್ದೆ ಸರ್. ನೀವು ಮಾಡಿದ್ದಲ್ವಾ, ಒಳ್ಳೇ ಗುರುತಿರ್ಬೇಕು ಅಂತ ಬಿಚ್ಚದೆ ಜೋಪಾನವಾಗಿ ತಂದೆ."

ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಅವಳನ್ನು ವಾಪಸ್ ಕರೆತಂದು, ನಡೆದದ್ದನ್ನೆಲ್ಲ ಜೂನಿಯರ್ ಮುಂದೆ ಒಪ್ಪಿಕೊಂಡೆ. ಮೊದಲ ಉತ್ತರಕ್ಕೇ ನನ್ನ ಕೈ ಮೂಲೆ ಮಡಿಸಿಬಿಟ್ಟಿದೆ, ನೀನು ಶುರುವಿನಿಂದ ಕೇಳು, ನಾನು ಒಳಗೆ ಬರುವುದಿಲ್ಲ ಎಂದೆ. ಅವನು ಅರ್ಜಿಯ ಮೂಲೆಯನ್ನು ಉಗುರಿನಿಂದ ತೀಡಿ ನೇರ ಮಾಡಿದ. ಆಮೇಲೆ ಅವನ ಕಣ್ಣು ನನ್ನ ಮೇಜಿನ ಟ್ರೇ ಕಡೆ ಹೋಯಿತು. ಶುಕ್ರವಾರ ನಾನೇ ಮಾತಾಡಿಸಿ ಕಳಿಸಿದ ಹನ್ನೊಂದು ಜನರ ಮೂಲೆ ಮಡಿಸಿದ ಅರ್ಜಿಗಳು ಅಲ್ಲಿದ್ದವು.

"ಸರ್, ಇವರದ್ದೂ ಮೊದಲ ಉತ್ತರಕ್ಕೇ ಮಡಿಸಿದ್ದಾ?"

ಗಡಿಬಿಡಿ ಒಳಗೆ ಹೋದಳು, ಬಾಗಿಲು ಮುಚ್ಚಿತು. ನಾನು ಟ್ರೇ ಹತ್ತಿರಕ್ಕೆಳೆದುಕೊಂಡು, ಮೇಲಿನ ಅರ್ಜಿಯ ಮಡಿಕೆ ಬಿಚ್ಚಿ, ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದೆ.