ಪಿಚರುಗಳನ್ನೂ ಸೇರಿಸಿದರೆ

ಮೆನ್ಲೋ ಪಾರ್ಕಿನ ಆ ಡಾಟ್‌ಕಾಮ್ ಕಂಪನಿಯಲ್ಲಿ ಎರಡು ಸಾವಿರದ ಒಂದನೇ ಇಸವಿಯ ಹೊಸ ವರ್ಷಕ್ಕೆ ನಲವತ್ತು ಜನ ಇದ್ದರು. ಮಾರ್ಚಿಗೆ ಇಬ್ಬರು, ಬಾಸನ್ನು ಬಿಟ್ಟು.

ಸತ್ತು ನೂರು ವರ್ಷವಾದ ಬೇಸ್‌ಬಾಲ್ ಆಟಗಾರರನ್ನು ಹಳೆಯ ಪೇಪರುಗಳಿಂದ ಕಂಪ್ಯೂಟರಿಗೆ ಏರಿಸುವುದು ಅವರ ಕೆಲಸ. ನೂರು ಸಲ ಬ್ಯಾಟು ಹಿಡಿದರೆ ಇವನು ಹೊಡೆದ ಹಿಟ್‌ಗಳು ಎಷ್ಟು, ಆ ವರ್ಷ ಇಡೀ ಲೀಗಿನ ಸರಾಸರಿ ಎಷ್ಟು. ಸರಾಸರಿಗಿಂತ ಮೇಲಿದ್ದರೆ ಹೆಸರು ಹಸಿರು, ಕೆಳಗಿದ್ದರೆ ಕೆಂಪು. ಚಡ್ಡಿಯಲ್ಲೇ ಮೀಟಿಂಗು ಮಾಡುವ ಇಪ್ಪತ್ತಾರರ ಬಾಸಿಗೆ ಈ ಬಣ್ಣಗಳು ಎಷ್ಟು ಹಿಡಿಸಿದವೆಂದರೆ ನೌಕರರಿಗೂ ಬಳಿದುಬಿಟ್ಟ. ಪ್ರತಿ ಶುಕ್ರವಾರ ಸರಾಸರಿಗಿಂತ ಕಡಿಮೆ ಆಟಗಾರರನ್ನು ಏರಿಸಿದವರು ಮನೆಗೆ. ಅವರು ಹೋದಕೂಡಲೇ ಸರಾಸರಿ ಮೇಲೇರುತ್ತಿತ್ತು. ಹೋದ ವಾರದ ಹಸಿರು ಈ ವಾರ ಕೆಂಪಾಗುತ್ತಿತ್ತು.

ಹೀಗೆ ಸೋಸಿ ಸೋಸಿ ಉಳಿದವರು ಉಡುಪಿಯ ವೈಕುಂಠ ಮತ್ತು ಬಾಗಲಕೋಟೆಯ ಸಿದ್ರಾಮಪ್ಪ.

ವೈಕುಂಠನಿಗೆ ಎಂಥಾ ಸುಸ್ತೆಂದರೆ, ಬೆರ್ರಿಯೆಸಾದ ಮನೆಯಿಂದ ಬರುವಾಗ ಫ್ರೀವೇಯಲ್ಲಿ ಟ್ರಾಫಿಕ್ಕು ನಿಂತಲ್ಲೆಲ್ಲ ಒಂದೊಂದು ಕನಸನ್ನು ಪೂರ್ತಿ ಕಾಣುತ್ತಿದ್ದ. ಕನಸಿಗೆ ಇಂಟರ್ವಲ್ಲೂ ಇರುತ್ತಿತ್ತು.

ಆ ಶುಕ್ರವಾರ ಬೆಳಿಗ್ಗೆ ಹೆಂಡತಿ ಆಶಾಲತಾ ಕೇಳಿದ್ದಳು: "ಅಪಾರ್ಟ್‌ಮೆಂಟಿನ ಲೀಸು ಮುಂದುವರಿಸುದಾ ಬೇಡ್ವಾ? ಇವತ್ತು ಸಂಜೆಯೊಳಗೆ ಹೇಳ್ಬೇಕಂತೆ."

"ಸಂಜೆ ಹೇಳ್ತೇನೆ ಮಾರಾಯ್ತಿ."

ಕೆಲಸ ಹೋದರೆ ವೀಸಾ ಹೋಗುತ್ತದೆ, ವೀಸಾ ಹೋದರೆ ಮೂರನೇ ಕ್ಲಾಸಿನ ಮಗಳನ್ನೂ ಶಾಲೆ ಬಿಡಿಸಿ ಗಂಟುಮೂಟೆ ಕಟ್ಟಬೇಕು. ಹೆಚ್ಚು ಮಾತಾಡಲು ಇಬ್ಬರಿಗೂ ತ್ರಾಣವಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಆ ವಾರ ಏರಿಸಿದ ಆಟಗಾರರು: ಸಿದ್ರಾಮಪ್ಪ ಇನ್ನೂರ ಹನ್ನೆರಡು, ವೈಕುಂಠ ನೂರ ತೊಂಬತ್ತೇಳು. ಗುರುವಾರವಿಡೀ ಅವನು ಒಬ್ಬನೇ ಆಟಗಾರನ ಮೇಲೆ ಕಳೆದಿದ್ದ: ಟಿಮ್ ಡೂಲಿ, 1884.

"ಡೂಲಿ ಏನ್ ನಿಮ್ಮ ಬೀಗರೇನ್ರಿ, ದಿನಪೂರ್ತಿ ಉಪಚಾರ ಮಾಡಾಕ?" ಎಂದ ಸಿದ್ರಾಮಪ್ಪ.

"ಅವ ಕೆಂಪೋ ಹಸಿರೋ ತಿಳಿಲಿಲ್ಲ ಮಾರಾಯ್ರೆ. ಅವನದ್ದು ನೂರಕ್ಕೆ ಇಪ್ಪತ್ತೈದು. ಲೀಗಿನದ್ದು ಇಪ್ಪತ್ತಾರು. ಆದ್ರೆ ಚೆಂಡು ಎಸೆಯುವ ಪಿಚರುಗಳಿದ್ದಾರಲ್ಲ, ಬ್ಯಾಟು ಹಿಡಿಯಲಿಕ್ಕೇ ಬರುದಿಲ್ಲ ಅವರಿಗೆ. ಅವರನ್ನೂ ಸೇರಿಸಿದ್ರೆ ಲೀಗು ಇಪ್ಪತ್ನಾಲ್ಕಕ್ಕೆ ಇಳಿತದೆ."

"ಅಂದ್ರ ಡೂಲಿ ಶಾಣ್ಯಾ ಅಲ್ಲ, ಪಿಚರು ದಡ್ಡರು."

ಅಷ್ಟರಲ್ಲಿ ಬಾಸು ಪ್ರಿಂಟೌಟು ಹಿಡಿದು ಬಂದ. ಸರಾಸರಿ ಇನ್ನೂರ ನಾಲ್ಕೂವರೆ. ವೈಕುಂಠನ ಹೆಸರು ಕೆಂಪು. ಬಾಸಿನ ಮುಖದಲ್ಲಿ ನಿಜವಾದ ದುಃಖವಿತ್ತು, ಕೈಯಲ್ಲಿ ಖಾಲಿ ರಟ್ಟಿನ ಡಬ್ಬವಿತ್ತು.

ಜಗಳಕ್ಕೆ ವೈಕುಂಠನಲ್ಲಿ ಶಕ್ತಿಯಿರಲಿಲ್ಲ. ಹೋಗುವ ಮುಂಚೆ ಡೂಲಿಯದೊಂದು ಮುಗಿಸಿಬಿಡೋಣವೆಂದು ಕೇಳಿದ: ಸರಾಸರಿಗೆ ಪಿಚರುಗಳನ್ನು ಸೇರಿಸಬೇಕೋ ಬೇಡವೋ?

ಇದೆಂಥ ಪ್ರಶ್ನೆ, ಟೀಮಿನಲ್ಲಿದ್ದವರೆಲ್ಲ ಲೆಕ್ಕಕ್ಕೆ ಬರಬೇಕು, ಎಂದ ಬಾಸು.

ವೈಕುಂಠ ಡೂಲಿಯನ್ನು ಹಸಿರು ಮಾಡಿದ. ಮತ್ತೆ ಪ್ರಿಂಟೌಟನ್ನು ನೋಡಿ ಆಕಳಿಸಿದ. "ಇದರಲ್ಲಿ ನಿಮ್ಮ ಹೆಸರಿಲ್ಲವಲ್ಲ?"

ಬಾಸಿಗೆ ಒಂದು ರೋಗವಿತ್ತು, ಪ್ರಾಮಾಣಿಕತೆ. ಕೂತು ತನ್ನ ಹೆಸರನ್ನೂ ಟೈಪು ಮಾಡಿದ. ಏರಿಸಿದ ಆಟಗಾರರು: ಸೊನ್ನೆ. ಸರಾಸರಿ ನೂರ ಮೂವತ್ತಾರು ಚಿಲ್ಲರೆಗೆ ಕುಸಿಯಿತು. ಎರಡು ಹಸಿರು, ಒಂದು ಕೆಂಪು.

ಅವನು ಪರದೆಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಅದೇ ಡಬ್ಬಕ್ಕೆ ತನ್ನ ಮೇಜಿನ ಲಾವಾ ಲ್ಯಾಂಪು ತುಂಬಿಕೊಂಡು, ಇಬ್ಬರ ಕೈ ಕುಲುಕಿ, ಹೊರಟುಹೋದ.

"ಹೋದ್ನಲ್ರಿ!" ಸಿದ್ರಾಮಪ್ಪ ಕಿಟಕಿಯಿಂದ ಕಾರು ಹೋಗುವುದನ್ನು ನೋಡಿ ಬಂದ. "ಪಟ್ಟಿಯಿಂದ ಹೆಸರು ತಗೀಲೇನ್ರಿ?"

"ದಮ್ಮಯ್ಯ, ಅದೊಂದು ಮಾಡ್ಬೇಡಿ. ಅವನ ಹೆಸರು ಹೋದ್ರೆ ನಾನು ಪುನಃ ಕೆಂಪು."

ಐದು ಗಂಟೆಗೆ ಆಶಾಲತಾಳ ಫೋನು ಬಂತು. "ಲೀಸು ಎಂತ ಮಾಡುದು?"

"ಒಂದು ವರ್ಷಕ್ಕೆ ಮಾಡು. ಕೆಲಸ ಉಳೀತು. ಬಾಸು ಉಳೀಲಿಲ್ಲ."

"ಹಾಗಾದ್ರೆ ವೀಸಾದ ಪೇಪರಿಗೆ ಸೈನು ಯಾರು ಹಾಕುದು?"

ವೈಕುಂಠ ಬಾಸಿನ ಖಾಲಿ ಕುರ್ಚಿಯನ್ನು ನೋಡಿದ. ಪರದೆಯ ಮೇಲೆ ಡೂಲಿ ಇನ್ನೂ ಹಸಿರಾಗಿಯೇ ಇದ್ದ.

"ತಿಂಗಳು ತಿಂಗಳಿಗೆ ಮಾಡು ಮಾರಾಯ್ತಿ," ಎಂದ.