ಆರು ಪದರದ ಪರದೆ

ಆ ಮನೆಯಲ್ಲಿ ಗಂಡ ಹೆಂಡತಿ ಮಾತು ಬಿಟ್ಟು ಐದು ತಿಂಗಳಾಗಿತ್ತು. ಜಗಳವಾದರೂ ಎಂಥದ್ದು? ಅವಳು ದರ್ಜಿ. ಮುಂದಿನ ಕೋಣೆಯಲ್ಲಿ ಯಂತ್ರ ಇಟ್ಟುಕೊಂಡು ಹದಿನೇಳು ವರ್ಷದಿಂದ ಬೀದಿಯವರ ಬಟ್ಟೆ ಹೊಲಿದವಳು. ಅವನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ಒಂದು ದಿನ ನಾದಿನಿಯ ಮನೆಯಲ್ಲಿ, ಹತ್ತು ಜನರ ಎದುರು, "ಇವಳ ಹತ್ರ ಹೊಲಿಸಿದವರು ಎರಡು ಸಲ ಬರ್ತಾರೆ. ಒಂದು ಸಲ ಹೊಲಿಸೋಕೆ, ಇನ್ನೊಂದು ಸಲ ಬಿಚ್ಚಿಸೋಕೆ" ಅಂದುಬಿಟ್ಟ. ಎಲ್ಲರೂ ನಕ್ಕರು. ನಾದಿನಿಯಂತೂ ಹೊಟ್ಟೆ ಹಿಡಿದುಕೊಂಡು ನಕ್ಕಳು. ಇವಳೂ ಅಲ್ಲಿ ನಕ್ಕಳು, ಮನೆಗೆ ಬಂದು ಬಾಯಿಗೆ ಬೀಗ ಹಾಕಿಕೊಂಡಳು. ಒಂದು ವಾರ ಅವನು ಹಿಂದೆ ಮುಂದೆ ಸುಳಿದಾಡಿದ. ತಪ್ಪಾಯಿತು ಅನ್ನುವ ಒಂದು ಮಾತು ಮಾತ್ರ ಆ ಪುಣ್ಯಾತ್ಮನ ಬಾಯಿಂದ ಹೊರಡಲಿಲ್ಲ. ಆಮೇಲೆ ಅವನೂ ಮುಖ ಗಂಟು ಹಾಕಿಕೊಂಡ.

ಆದರೂ ಇಬ್ಬರೂ ಕೈಬಿಡದೆ ನೋಡಿಕೊಳ್ಳುತ್ತಿದ್ದದ್ದು ನಡುಮನೆಯ ಗಾಜಿನ ತೊಟ್ಟಿಯನ್ನು. ಉಪ್ಪುನೀರಿನ ತೊಟ್ಟಿ, ಒಳಗೆ ಕಲ್ಲು, ನಾಲ್ಕು ಮೀನು, ಜೀವಂತ ಹವಳ. ನಡುವೆ ಇದ್ದ ದೊಡ್ಡ ಹವಳವನ್ನು ಹನ್ನೊಂದು ವರ್ಷದ ಹಿಂದೆ ಹೆಬ್ಬೆರಳಷ್ಟಿದ್ದಾಗ ತಂದಿದ್ದರು. ಅವಳು ಕಲ್ಲು ಹಿಡಿದಿದ್ದಳು, ಅವನು ಅಂಟು ಹಾಕಿದ್ದ, ಇಬ್ಬರ ಬೆರಳೂ ಒಂದಕ್ಕೊಂದು ಅಂಟಿಕೊಂಡು ನಕ್ಕಿದ್ದೇ ನಕ್ಕಿದ್ದು. ಈಗ ಅದು ಬೊಗಸೆ ತುಂಬಿ ಮಿಗುವಷ್ಟು ಅಗಲ, ಹಸಿರು ಮೈ, ನೇರಳೆ ತುದಿ. ಮಕ್ಕಳಿರಲಿಲ್ಲ. ಮನೆಗೆ ಬಂದವರಿಗೆ ಮೊದಲು ಅದನ್ನೇ ತೋರಿಸುತ್ತಿದ್ದರು.

ತೊಟ್ಟಿಯ ಪಕ್ಕದ ಮೊಳೆಗೆ ದಾರ ಕಟ್ಟಿದ ಒಂದು ಪುಸ್ತಕ ತೂಗುತ್ತಿತ್ತು. ನೀರು ಬದಲಿಸಲಿ, ಉಪ್ಪು ಬೆರೆಸಲಿ, ಮೀನಿಗೆ ಹಾಕಲಿ, ಮಾಡಿದವರು ಅದರಲ್ಲಿ ಬರೆಯಬೇಕು. ಇಲ್ಲದಿದ್ದರೆ ಒಂದೇ ಕೆಲಸ ಇಬ್ಬರೂ ಮಾಡಿ ಜೀವ ತೆಗೆದೇವು ಅಂತ ಆ ಪದ್ಧತಿ ತಂದವಳು ಅವಳೇ. ಮಾತು ಬಿಟ್ಟ ದಿನವೇ ಪುಸ್ತಕವನ್ನೂ ಬಿಟ್ಟಳು. ಅವನ ಅಕ್ಷರ ಕಂಡರೂ ಮೈಯೆಲ್ಲ ಉರಿಯುತ್ತಿತ್ತು. ತಾನು ಮಾಡಿದ್ದನ್ನು ಬಟ್ಟೆಯ ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದುಕೊಳ್ಳುತ್ತಿದ್ದಳು.

ಹೀಗಿರುವಾಗ ತೊಟ್ಟಿಯ ಹಳೆಯ ಟ್ಯೂಬ್‌ಲೈಟು ಕೈಕೊಟ್ಟಿತು. ಅವನು ಹೊಸ ಎಲ್‌ಇಡಿ ದೀಪ ತಂದು ತೂಗುಹಾಕಿದ. ಸ್ವಿಚ್ಚು ಒತ್ತಿದ ಕೂಡಲೇ ಗೋಡೆಯೆಲ್ಲ ನೀಲಿಯಾಯಿತು. ಇಷ್ಟು ಬೆಳಕನ್ನು ಹವಳ ತಡೆದೀತೇ? ಗಂಡನನ್ನು ಕೇಳುವುದು ಹೇಗೆ! ನೆಟ್ಟಗೆ ಅಕ್ವೇರಿಯಂ ಅಂಗಡಿಗೆ ಹೋದಳು. ಅಂಗಡಿಯವನು ಏನು ಕೇಳಿದರೂ ಮೊದಲು ನೀರಿನ ಉಪ್ಪು ನೋಡಿದಿರಾ ಅನ್ನುವವನು, ಹಾಗಾಗಿ ಎಲ್ಲರ ಬಾಯಲ್ಲೂ ಅವನು ಉಪ್ಪಣ್ಣ. ಹೊಸ ಬೆಳಕಿಗೆ ಹವಳವನ್ನು ಮೆಲ್ಲಗೆ ಒಗ್ಗಿಸಬೇಕು ಅಂದ. ತೊಟ್ಟಿಯ ಮೇಲೆ ಸೊಳ್ಳೆಪರದೆಯ ಬಟ್ಟೆ ಆರು ಪದರ ಹಾಸಿ, ಐದು ದಿನಕ್ಕೊಂದು ತೆಗೆಯಬೇಕು. ಅವಸರ ಮಾಡಿದರೆ ಬಣ್ಣ ಕಳೆದುಕೊಂಡು ಬೆಳ್ಳಗಾಗುತ್ತದೆ, ಆಮೇಲೆ ಉಳಿಯುವುದು ಕಷ್ಟ.

ಆರೂ ಪದರಕ್ಕೆ ಅಂಚು ಮಡಿಸಿ ಹೊಲಿದಳು. ಬಿಚ್ಚಿಸೋಕೆ ಬರ್ತಾರಂತೆ, ಬರಲಿ ನೋಡೋಣ. ಒಂದು ನೂಲೂ ಎದ್ದಿರಲಿಲ್ಲ.

ಐದು ದಿನಕ್ಕೆ ಸರಿಯಾಗಿ ಮೊದಲ ಪದರ ತೆಗೆದಳು. ಮರುದಿನ ನೋಡಿದರೆ ಬೆಳಕು ಹೆಚ್ಚುವ ಬದಲು ಮಂಕಾಗಿತ್ತು. ದೀಪವೇ ಕಳಪೆ ಇರಬೇಕು, ತಂದವನು ಯಾರು ಹೇಳಿ! ಎರಡನೆಯದನ್ನು ಮೂರೇ ದಿನಕ್ಕೆ ತೆಗೆದಳು. ಮತ್ತೆ ಮಂಕು. ಮುಂದಿನವನ್ನೂ ಮೂರು ದಿನಕ್ಕೊಂದರಂತೆ ತೆಗೆಯುತ್ತ ಹೋದಳು. ಕೊನೆಕೊನೆಗೆ ಬೆಳಕು ಏರಿದ್ದು ಪರದೆ ತೆಗೆದದ್ದರಿಂದಲೇ ಅಂದುಕೊಂಡಳು. ಗಂಡ ತೊಟ್ಟಿಯ ಮುಂದೆ ನಿಂತು ಮೊಬೈಲು ಒತ್ತುತ್ತಿದ್ದ, ಪುಸ್ತಕದಲ್ಲಿ ಏನೋ ಗೀಚುತ್ತಿದ್ದ. ಒಂದು ಬೆಳಗ್ಗೆ ಇವಳ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡ. ಇವಳು ಯಂತ್ರವನ್ನು ಜೋರಾಗಿ ತುಳಿದಳು.

ಕೊನೆಯ ಪದರ ತೆಗೆದ ಮೂರನೆಯ ದಿನ ಹವಳದ ತುದಿಗಳು ಪೇಲವವಾದವು. ಐದನೆಯ ದಿನ ಇಡೀ ಹವಳ ಉಪ್ಪಿನಷ್ಟು ಬಿಳಿ.

ಉಪ್ಪಣ್ಣ ಬಂದು ನೋಡಿದ, ಈ ಸಲ ಉಪ್ಪಿನ ಮಾತೆತ್ತಲಿಲ್ಲ. ದೀಪವನ್ನು ಎಷ್ಟಕ್ಕೆ ಇಟ್ಟಿದ್ದೀರಿ ಅಂದ. ಎಷ್ಟಕ್ಕೆ ಅಂದರೇನು ಅಂತಲೇ ಅವಳಿಗೆ ತಿಳಿಯಲಿಲ್ಲ. ಈ ದೀಪದ ಬೆಳಕನ್ನು ಮೊಬೈಲಿನಿಂದಲೇ ಸೊನ್ನೆಯಿಂದ ನೂರರವರೆಗೆ ಏರಿಸಬಹುದು, ಇಳಿಸಬಹುದು ಎಂದು ಅವನು ಬಿಡಿಸಿ ಹೇಳಿದ. ದೀಪವನ್ನು ಮೆಲ್ಲಗೆ ಏರಿಸುವುದು ಒಂದು ದಾರಿ, ಪರದೆ ತೆಗೆಯುವುದು ಇನ್ನೊಂದು.

"ಎರಡರಲ್ಲಿ ಒಂದು ಮಾಡ್ಬೇಕಮ್ಮ. ಎರಡೂ ಮಾಡಿದ್ರೆ ಸುಟ್ಟು ಹೋಗುತ್ತೆ," ಅಂದ. ಮಾಂಸವೇ ಕಳಚಿ ಉದುರುತ್ತಿದೆ, ಇನ್ನು ಆಸೆ ಇಟ್ಟುಕೊಳ್ಳಬೇಡಿ ಅಂತಲೂ ಅಂದ. ಮನೆಯಲ್ಲಿ ಇರೋದು ಇಬ್ಬರೇ ಅಲ್ಲವಾ, ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲವಾ ಅಂತ ಕೇಳಿ ಹೋದ, ಪಾಪ, ಏನೂ ಗೊತ್ತಿಲ್ಲದೆ.

ಅವಳು ಮೊಳೆಯಿಂದ ಪುಸ್ತಕ ತೆಗೆದಳು.

"ದೀಪ ಮೂವತ್ತಕ್ಕೆ ಇಟ್ಟಿದ್ದೇನೆ. ವಾರಕ್ಕೆ ಐದು ಏರಿಸುತ್ತೇನೆ. ನಿನ್ನ ಪರದೆ ಚೆನ್ನಾಗಿದೆ, ಅದು ಹಾಗೇ ಇರಲಿ." ಅದರ ಕೆಳಗೆ: "ಒಂದು ಪದರ ತೆಗೆದಿದ್ದೀಯ. ಅದಕ್ಕೆ ಇಪ್ಪತ್ತಕ್ಕೆ ಇಳಿಸಿದೆ. ಇನ್ನು ತೆಗೆಯಬೇಡ." ಆಮೇಲೆ: "ಮತ್ತೆ ತೆಗೆದೆಯಲ್ಲ. ಹತ್ತಕ್ಕೆ ಇಳಿಸಿದೆ. ಕೋಪ ನನ್ನ ಮೇಲೆ ತಾನೆ?" ಮುಂದಿನದನ್ನು ಹೊಸ ಪುಟದ ತಲೆಗೆ ಬರೆದು ಕೆಳಗೆಲ್ಲ ಖಾಲಿ ಬಿಟ್ಟಿದ್ದ: "ಅವತ್ತು ತಂಗಿ ಮನೆಯಲ್ಲಿ ನಾನು ಆಡಿದ್ದು ತಪ್ಪು. ಬಾಯಲ್ಲಿ ಹೇಳೋಕೆ ಆಗಲಿಲ್ಲ, ಇಲ್ಲಿ ಬರೆದಿದ್ದೇನೆ. ಓದಿದರೆ ಕೆಳಗೆ ಒಂದು ಗೆರೆ ಹಾಕು." ಮರುದಿನ, ಮುಂದಿನ ಪುಟದಲ್ಲಿ: "ಗೆರೆ ಇಲ್ಲ." ನಾಲ್ಕು ದಿನ ಅದೇ ಎರಡು ಪದ. ಆಮೇಲೆ ಬರೀ ಅಂಕಿ. ನಲವತ್ತು. ಅರವತ್ತು. ತೊಂಬತ್ತು.

ಓದಿ ಅತ್ತಳು. ನಾಚಿಕೆಯೂ ಆಯಿತು, ಅಷ್ಟೇ ಸಿಟ್ಟೂ ಬಂತು. ಪೆನ್ನು ಹಿಡಿದು, ಅವನು ಖಾಲಿ ಬಿಟ್ಟ ಆ ಪುಟದ ಮುಂದೆ ಕೂತಳು. ಗೆರೆಯನ್ನು ಅವನ ಎದುರಿಗೇ ಹಾಕಬೇಕು ಅಂತ ಸಂಜೆಯವರೆಗೂ ಕಾದಳು.

ಅವನು ಬಂದು ಚಪ್ಪಲಿ ಬಿಟ್ಟ. ಅವಳ ಕೈಯಲ್ಲಿ ಪುಸ್ತಕ ನೋಡಿ ಅಲ್ಲೇ ನಿಂತ.

"ಇವತ್ತು ಓದಿದೆ ರೀ," ಅಂದಳು. ಐದು ತಿಂಗಳ ಮೇಲೆ ಅವನೊಡನೆ ಆಡಿದ ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ವಾರಕ್ಕೆ ಐದು ಅಂತ ನೀವೇ ಬರೆದಿದ್ದೀರಲ್ಲ. ತೊಂಬತ್ತಕ್ಕೆ ಯಾಕೆ ಏರಿಸಿದಿರಿ? ಸಾಯುತ್ತೆ ಅಂತ ಗೊತ್ತಿರಲಿಲ್ವಾ?"

ಅವನು ತೊಟ್ಟಿಯನ್ನೇ ನೋಡುತ್ತಿದ್ದ.

"ಗೊತ್ತಿತ್ತು," ಅಂದ. "ಅದು ಸತ್ತಾಗಲಾದ್ರೂ ಬಾಯಿ ಬಿಡ್ತೀಯ ಅಂದ್ಕೊಂಡೆ. ಈಗ ಬಿಟ್ಟೆಯಲ್ಲ."

ಅವಳು ಪೆನ್ನಿಗೆ ಮುಚ್ಚಳ ಹಾಕಿ, ಪುಸ್ತಕವನ್ನು ಮೊಳೆಗೆ ತೂಗುಹಾಕಿ, ಮುಂದಿನ ಕೋಣೆಗೆ ಹೋಗಿ ಯಂತ್ರದ ಮುಂದೆ ಕೂತಳು. ಆ ಪುಟದ ಕೆಳಭಾಗ ಈಗಲೂ ಖಾಲಿಯೇ ಇದೆ.